ಕಂಪನಿಗಳಿಗೂ ಕಾನೂನಿನ ಕಡಿವಾಣ ಬೇಕು

ಮಾನ್ಯರೇ,

ನಮ್ಮ ಅಡಿಕೆ ತೋಟಕ್ಕೆ ಕಳೆ ಔಷಧಿ ಹೊಡೆಯಲು ಬರುವ ಅಣ್ಣನ ಕೈ ನೋಡಿದೆ. ಉಗುರು ಬಿರಿದು ಬಿಳಿಚಿಕೊಂಡಿದೆ. ಗ್ಲೌಸ್ ಇಲ್ಲ. ಡಬ್ಬಿಯ ಮೇಲಿನ ಎಚ್ಚರಿಕೆ ಎಷ್ಟು ಸಣ್ಣ ಅಕ್ಷರ ಅಂದರೆ, ಕನ್ನಡಕ ಹಾಕಿಯೂ ನನಗೆ ಓದಲಾಗಲಿಲ್ಲ. ಅದು ಪ್ಯಾರಾಕ್ವಾಟ್. ಸ್ವಿಟ್ಜರ್ಲೆಂಡ್ 1989ರಲ್ಲೇ ನಿಷೇಧಿಸಿದ ವಿಷ. ಅಲ್ಲಿನವರ ಜೀವಕ್ಕಿರುವ ಬೆಲೆ ಮಲೆನಾಡಿನ ಕೂಲಿಯವರಿಗೂ ಇರಬೇಕಲ್ವಾ?

ಕಂಪನಿಗಳು ಜನರ ಹಕ್ಕುಗಳನ್ನು ಗೌರವಿಸಬೇಕು ಎನ್ನುವ ವಿಶ್ವಸಂಸ್ಥೆಯ 2011ರ ಮಾರ್ಗದರ್ಶಿ ಸೂತ್ರಗಳಿಗೆ ಕಾನೂನಿನ ಬಲವಿಲ್ಲ. ಬಲವಿರುವ ಒಪ್ಪಂದ ಬೇಕೆಂದು 2014ರಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮಂಡಳಿ ನಿರ್ಣಯಿಸಿದಾಗ ಭಾರತವೂ ಪರವಾಗಿ ಮತ ಹಾಕಿತ್ತು. ಇಷ್ಟು ವರ್ಷವಾದರೂ ಮಾತುಕತೆ ಮುಗಿದಿಲ್ಲ. ವಿದೇಶಿ ಕಂಪನಿಯಿಂದ ತೊಂದರೆಯಾದವರು ಆ ಕಂಪನಿಯ ತವರು ದೇಶದಲ್ಲೇ ಕೇಸು ಹಾಕುವಂತಾಗಬೇಕು. ನಮ್ಮ ಸಂಸದರು ಇದನ್ನು ಸಂಸತ್ತಿನಲ್ಲಿ ಗಟ್ಟಿಯಾಗಿ ಕೇಳಲಿ.

– ಅಡಿಕೆ ಬೆಳೆಗಾರ, ತೀರ್ಥಹಳ್ಳಿ