ನೋಂದಣಿಯಿಲ್ಲದವರಿಗೆ ‘ಆರ್ಕಿಟೆಕ್ಟ್’ ಪಟ್ಟ: ಮನೆ ವಿನ್ಯಾಸ ಕಂಪನಿಗೆ ದೂರು ಪತ್ರ

ಇವರಿಗೆ,
ಗ್ರಾಹಕ ಕುಂದುಕೊರತೆ ವಿಭಾಗದ ಮುಖ್ಯಸ್ಥರು,
ಮನೆ ವಿನ್ಯಾಸ ಮತ್ತು ನಿರ್ಮಾಣ ಕಂಪನಿ, ಬೆಂಗಳೂರು

ವಿಷಯ: ಕರಾರು ಮತ್ತು ನಕ್ಷೆಗಳಲ್ಲಿ ‘ಆರ್ಕಿಟೆಕ್ಟ್’ ಪದನಾಮದ ಕಾನೂನುಬಾಹಿರ ಬಳಕೆ, ಸಹಿಯಿಲ್ಲದ ವರ್ಕಿಂಗ್ ಡ್ರಾಯಿಂಗ್‌ಗಳನ್ನು (ಕಟ್ಟುವವರು ನೋಡಿ ಕೆಲಸ ಮಾಡುವ ವಿವರವಾದ ನಕ್ಷೆಗಳು) ಬದಲಿಸಿಕೊಡುವ ಕುರಿತು.

ಮಾನ್ಯರೇ,

30×40 ನಿವೇಶನದ ಮನೆಗೆ ನೀವು ಮಾಡಿಕೊಟ್ಟ ಕರಾರಿನಲ್ಲಿ ‘ಪ್ರಿನ್ಸಿಪಲ್ ಆರ್ಕಿಟೆಕ್ಟ್’ ಎಂದು ಒಬ್ಬರ ಹೆಸರಿದೆ. ಬಿಲ್ಲಿನಲ್ಲೂ ‘ಆರ್ಕಿಟೆಕ್ಟ್ ಫೀ’ ಎಂದೇ ನಮೂದಿಸಿ, ಅದರ ಮೇಲೆ 18% ಜಿಎಸ್‌ಟಿ ಹಾಕಿದ್ದೀರಿ. ಆದರೆ ಒಂದೇ ಒಂದು ನಕ್ಷೆಯ ಟೈಟಲ್ ಬ್ಲಾಕ್‌ನಲ್ಲೂ (ಹೆಸರು, ವಿವರ ಬರೆಯುವ ಚೌಕ) ನೋಂದಣಿ ಸಂಖ್ಯೆ ಇಲ್ಲ. ಕೇಳಿದಾಗ ನಿಮ್ಮ ಕಚೇರಿ ಕಳಿಸಿದ ಸಂಖ್ಯೆಯನ್ನು ಆರ್ಕಿಟೆಕ್ಟ್‌ಗಳನ್ನು ನೋಂದಾಯಿಸುವ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನ ಜಾಲತಾಣದಲ್ಲಿ ಹುಡುಕಿದರೆ ಬೇರೆಯವರ ಹೆಸರು ಬರುತ್ತದೆ.

1972ರ ಆರ್ಕಿಟೆಕ್ಟ್ಸ್ ಕಾಯ್ದೆಯ ಪ್ರಕಾರ ಕೌನ್ಸಿಲ್‌ನ ರಿಜಿಸ್ಟರಿನಲ್ಲಿ ಸದ್ಯ ಹೆಸರು ಇರುವವರು ಮಾತ್ರ ಆರ್ಕಿಟೆಕ್ಟ್. ಬಿ.ಆರ್ಕ್ ಪದವಿ ಇದ್ದರಷ್ಟೇ ಸಾಲದು. ಹಿಂದೆಂದೋ ನೋಂದಾಯಿಸಿದ್ದರೂ ಸಾಲದು, ಏಕೆಂದರೆ ಕಲಂ 27ರಂತೆ ನವೀಕರಣ ಶುಲ್ಕವನ್ನು ಆಯಾ ವರ್ಷದ ಏಪ್ರಿಲ್ 1ರ ಒಳಗೆ ಕಟ್ಟದಿದ್ದರೆ ಹೆಸರು ರಿಜಿಸ್ಟರಿನಿಂದ ಹೋಗುತ್ತದೆ. ಹಾಗಾಗಿ ‘ಸಿಎ/ವರ್ಷ/ಸಂಖ್ಯೆ’ ರೂಪದ ಆ ನೋಂದಣಿಯಲ್ಲಿ ಮೂರು ಸಂಗತಿ ತಾಳೆಯಾಗಬೇಕು: ಸಂಖ್ಯೆ, ಹೆಸರು, ಎಲ್ಲಿಯವರೆಗೆ ಊರ್ಜಿತ ಎಂಬ ದಿನಾಂಕ. ನೀವು ಕೊಟ್ಟಿದ್ದರಲ್ಲಿ ಎರಡನೆಯದೇ ತಪ್ಪಿದೆ.

‘ಕಟ್ಟಡ ವಿನ್ಯಾಸ ಯಾರು ಬೇಕಾದರೂ ಮಾಡಬಹುದು, ಸುಪ್ರೀಂ ಕೋರ್ಟೇ ಹೇಳಿದೆ’ ಎಂದು ನಿಮ್ಮ ಪ್ರತಿನಿಧಿ ಉತ್ತರಿಸಿದ್ದಾರೆ. ಅದು ಅರ್ಧ ಮಾತು. 2020ರ ಮಾರ್ಚ್ 17ರ ತೀರ್ಪಿನಲ್ಲಿ ನ್ಯಾಯಾಲಯ ಹೇಳಿದ್ದು, ಕಲಂ 37 ನಿರ್ಬಂಧಿಸುವುದು ಪದನಾಮವನ್ನು, ಕೆಲಸವನ್ನಲ್ಲ ಎಂದು. ಅದೇ ತೀರ್ಪಿನಲ್ಲಿ, ನೋಂದಣಿ ಇಲ್ಲದವರನ್ನು ‘ಆರ್ಕಿಟೆಕ್ಟ್’ ಎಂಬ ಹೆಸರಿನ ಹುದ್ದೆಗೆ ಏರಿಸುವಂತಿಲ್ಲ, ಬೇಕಿದ್ದರೆ ಹುದ್ದೆಯ ಹೆಸರು ಬದಲಿಸಿಕೊಳ್ಳಿ ಎಂದು ನೋಯ್ಡಾ ಪ್ರಾಧಿಕಾರಕ್ಕೂ ತಿಳಿಸಿದೆ. ಸರ್ಕಾರಿ ಸಂಸ್ಥೆಗೇ ಇಲ್ಲದ ಸವಲತ್ತು ಖಾಸಗಿ ಕಂಪನಿಗೆ ಎಲ್ಲಿಂದ ಬಂತು? ನಿಮ್ಮ ಡಿಸೈನರ್ ಪ್ಲಾನ್ ಬರೆದರೆ ನಮ್ಮ ತಕರಾರಿಲ್ಲ. ಆರ್ಕಿಟೆಕ್ಟ್ ಎಂದು ಕರೆದು, ಆ ಹೆಸರಿನ ಮೇಲೆ ದುಡ್ಡು ಪಡೆದದ್ದೇ ತಕರಾರು. ‘ಇಂಟೀರಿಯರ್ ಆರ್ಕಿಟೆಕ್ಟ್’ ಎಂದು ತಿದ್ದಿ ಬರೆದರೂ ಆಗದು. ಕಲಂ 37ರಲ್ಲಿ ವಿನಾಯಿತಿ ಇರುವ ಪದನಾಮಗಳು ಲ್ಯಾಂಡ್‌ಸ್ಕೇಪ್ ಮತ್ತು ನೇವಲ್ ಆರ್ಕಿಟೆಕ್ಟ್ ಮಾತ್ರ.

ಇದು ಬರೀ ಹೆಸರಿನ ಜಗಳ ಎಂದುಕೊಳ್ಳಬೇಡಿ. ವರ್ಕಿಂಗ್ ಡ್ರಾಯಿಂಗ್‌ನ ಮೆಟ್ಟಿಲನ್ನೇ ನೋಡಿ. ಮಹಡಿಯಿಂದ ಮಹಡಿಗೆ 10 ಅಡಿ, ಅಂದರೆ 3,048 ಮಿ.ಮೀ. ಅದಕ್ಕೆ 15 ರೈಸರ್ (ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ಏರುವ ಎತ್ತರ) ತೋರಿಸಿದ್ದೀರಿ. ಒಂದೊಂದು 203 ಮಿ.ಮೀ. ಎತ್ತರವಾಗುತ್ತದೆ. ರಾಷ್ಟ್ರೀಯ ಕಟ್ಟಡ ಸಂಹಿತೆ ವಾಸದ ಮನೆಗೆ ಹಾಕಿರುವ ಮಿತಿ 190. ರೈಸರ್ 16 ಮಾಡಿದರೂ ಕೂದಲೆಳೆಯಷ್ಟು ಮೀರುತ್ತದೆ, 17 ಬೇಕು. ಎರಡು ಮೆಟ್ಟಿಲು ಹೆಚ್ಚಾದರೆ ಡಾಗ್ ಲೆಗ್ (ನಡುವೆ ಹಿಂದಕ್ಕೆ ತಿರುಗುವ) ಮೆಟ್ಟಿಲಿನ ಎರಡೂ ಸಾಲಿಗೆ ಒಂದೊಂದು ಸೇರಿ, ಮೆಟ್ಟಿಲಿನ ಜಾಗ 250 ಮಿ.ಮೀ. ಉದ್ದವಾಗುತ್ತದೆ. ಆಗ ಅದರ ಪಕ್ಕದ ಕಾಲಂ (ಕಂಬ) ಸರಿಯಬೇಕು, ಅದರ ಫುಟಿಂಗ್ (ಕಂಬದ ಬುಡದ ಪಾಯ) ಕೂಡ. ಸ್ಟ್ರಕ್ಚರಲ್ ಎಂಜಿನಿಯರ್ ಮಾತ್ರ ನಿಮ್ಮ ಹಳೆಯ ಅಳತೆಯ ಮೇಲೆಯೇ ಕಂಬಿ ಲೆಕ್ಕ ಮುಗಿಸಿದ್ದಾರೆ. ಮಾರ್ಕಿಂಗ್ ಆಗಿ ಪಾಯ ತೋಡಿದ ಮೇಲೆ ಇದು ಗೊತ್ತಾಗಿದ್ದರೆ ಒಡೆದು ಕಟ್ಟುವ ಖರ್ಚು ಮನೆಯವರ ತಲೆಗೇ ಬರುತ್ತಿತ್ತು. ಈ ತಪ್ಪಿಗೆ ಹೊಣೆ ಯಾರು? ಮಂಜೂರಾತಿ ನಕ್ಷೆಗೆ ಸಹಿ ಹಾಕಿದವರು ಒಬ್ಬರು, ವರ್ಕಿಂಗ್ ಡ್ರಾಯಿಂಗ್ ಬರೆದವರು ಇನ್ನೊಬ್ಬರು. ಎರಡನೆಯದಕ್ಕೆ ಸಹಿಯೇ ಇಲ್ಲ.

ನೋಂದಾಯಿತ ಆರ್ಕಿಟೆಕ್ಟ್ ಆಗಿದ್ದರೆ 1989ರ ವೃತ್ತಿ ನಡತೆ ನಿಯಮಗಳು ಅವರಿಗೆ ಅನ್ವಯಿಸುತ್ತಿದ್ದವು. ಗ್ರಾಹಕರ ಪೂರ್ವ ಒಪ್ಪಿಗೆಯಿಲ್ಲದೆ ಕೆಲಸವನ್ನು ಇನ್ನೊಬ್ಬ ಆರ್ಕಿಟೆಕ್ಟ್‌ಗೆ ದಾಟಿಸುವಂತಿಲ್ಲ, ಕೆಲಸ ತಂದುಕೊಟ್ಟವರಿಗೆ ಕಮಿಷನ್ ಕೊಡುವಂತಿಲ್ಲ. ಮೀರಿದರೆ ಕಲಂ 30ರಡಿ ಕೌನ್ಸಿಲ್ ವಿಚಾರಣೆ ನಡೆಸಿ ಹೆಸರನ್ನೇ ತೆಗೆಯಬಹುದು. ನೋಂದಣಿಯೇ ಇಲ್ಲದವರ ಮೇಲೆ ಆ ಹಿಡಿತವೂ ಇಲ್ಲ. ನೀವು ಗ್ರಾಹಕರಿಂದ ಕಸಿದುಕೊಂಡಿರುವುದು ಈ ರಕ್ಷಣೆಯನ್ನು.

ಆದ್ದರಿಂದ ಈ ಪತ್ರ ತಲುಪಿದ 15 ದಿನಗಳೊಳಗೆ ಮೆಟ್ಟಿಲು, ಕಾಲಂ ಮತ್ತು ಫುಟಿಂಗ್ ಅಳತೆಗಳನ್ನು ಸರಿಪಡಿಸಿದ ಪೂರ್ತಿ ವರ್ಕಿಂಗ್ ಡ್ರಾಯಿಂಗ್ ಸೆಟ್ಟನ್ನು, ಊರ್ಜಿತ ನೋಂದಣಿ ಇರುವ ಆರ್ಕಿಟೆಕ್ಟ್‌ರ ಹೆಸರು, ಸಂಖ್ಯೆ, ಸಹಿ, ದಿನಾಂಕ ಪ್ರತಿ ಹಾಳೆಯ ಮೇಲೂ ಇರುವಂತೆ ಕೊಡಿ. ಜೊತೆಗೆ ಕ್ಯಾಡ್ ಕಡತಗಳೂ (ನಕ್ಷೆಗಳ ಕಂಪ್ಯೂಟರ್ ಮೂಲ ಪ್ರತಿ) ಬೇಕು. ಅದು ಸಾಧ್ಯವಿಲ್ಲದಿದ್ದರೆ ವಿನ್ಯಾಸ ಶುಲ್ಕವನ್ನು ಜಿಎಸ್‌ಟಿ ಸಮೇತ ಹಿಂದಿರುಗಿಸಿ. ಎರಡರಲ್ಲಿ ಯಾವುದೇ ಆದರೂ, ಸಂಖ್ಯೆ ಯಾರದೋ ಅವರ ಅನುಮತಿ ಇತ್ತೇ ಎಂಬುದಕ್ಕೆ ಲಿಖಿತ ಉತ್ತರ ಬೇಕು. ನಿಮ್ಮ ಜಾಹೀರಾತು ಮತ್ತು ಕರಾರಿನ ನಮೂನೆಯಿಂದ ಆ ಪದನಾಮ ಹೋಗಬೇಕು.

ಆರ್ಕಿಟೆಕ್ಟ್ಸ್ ಕಾಯ್ದೆಯ ಕಲಂ 37ರಲ್ಲಿ ಮೊದಲ ಅಪರಾಧಕ್ಕೆ ದಂಡ 500 ರೂಪಾಯಿ ತನಕ ಮಾತ್ರ ಎಂಬುದು ನಿಮಗೂ ಗೊತ್ತಿರಬಹುದು. ಕಲಂ 39ರಂತೆ ಕೌನ್ಸಿಲ್ ಆದೇಶದಿಂದಲೇ ನ್ಯಾಯಾಲಯಕ್ಕೆ ದೂರು ಹೋಗಬೇಕಾದ್ದರಿಂದ ಇದರ ಪ್ರತಿಯನ್ನು ದೆಹಲಿಯ ಕೌನ್ಸಿಲ್‌ಗೂ ಕಳಿಸಿದ್ದೇವೆ. ದಾರಿತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದಂಡ 10 ಲಕ್ಷ ರೂಪಾಯಿವರೆಗೆ ಇದೆ. ಗಡುವು ಮುಗಿದರೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ದಾವೆ ಹೂಡುತ್ತೇವೆ.

ಲಗತ್ತು: ಕರಾರಿನ ನಕಲು, ಬಿಲ್, ಮೆಟ್ಟಿಲಿನ ಡ್ರಾಯಿಂಗ್, ನೋಂದಣಿ ಹುಡುಕಾಟದ ಮುದ್ರಿತ ಪ್ರತಿ.

ಇಂತಿ,
ನಿವೇಶನದ ಮಾಲೀಕರು