ಅಲೆಯ ಮೇಲೆ ಗೂಬೆ ಕೂರಿಸಬೇಡಿ

ಸಂಪಾದಕರೇ,

ಎಲ್ಲಾದರೂ ಹಡಗು ಮುಳುಗಿದರೆ ಸಾಕು, ಮರುದಿನ ‘ರಾಕ್ಷಸ ಅಲೆಗೆ ಹಡಗು ಬಲಿ’ ಅಂತ ತಲೆಬರಹ. ಅಲ್ಲಿಗೆ ಕಥೆ ಮುಗೀತು. ನಾನು ಅದಿರು ಸಾಗಿಸುವ ಹಡಗುಗಳಲ್ಲಿ ವರ್ಷಗಟ್ಟಲೆ ದುಡಿದವನು. ಇಂಥ ಸುದ್ದಿ ಓದಿದಾಗಲೆಲ್ಲ ನನಗೆ ಡರ್ಬಿಶೈರ್ ನೆನಪಾಗುತ್ತದೆ.

ಅದು 294 ಮೀಟರ್ ಉದ್ದದ ಬ್ರಿಟಿಷ್ ಹಡಗು, ಕಟ್ಟಿ ನಾಲ್ಕೇ ವರ್ಷವಾಗಿತ್ತು. ಕೆನಡಾದಿಂದ ಜಪಾನಿಗೆ ಒಂದೂವರೆ ಲಕ್ಷ ಟನ್ನಿಗೂ ಜಾಸ್ತಿ ಕಬ್ಬಿಣದ ಅದಿರು ಹೊತ್ತು ಹೋಗುತ್ತಿದ್ದಾಗ, 1980ರ ಸೆಪ್ಟೆಂಬರ್‌ನಲ್ಲಿ ಓಕಿನಾವಾ ಹತ್ತಿರ ಆರ್ಕಿಡ್ ಅನ್ನುವ ಚಂಡಮಾರುತಕ್ಕೆ ಸಿಕ್ಕಿತು. ಸಹಾಯಕ್ಕಾಗಿ ಒಂದು ಕೂಗು ಕೂಡ ಕೇಳಿಸಲಿಲ್ಲ. 44 ಜನ ಹೋದರು.

ಮೊದಲ ವಿಚಾರಣೆ 1989ರಲ್ಲಿ ಹೇಳಿದ್ದೂ ನಿಮ್ಮ ತಲೆಬರಹದಂಥದ್ದೇ ಮಾತು: ಪ್ರಕೃತಿಯ ಆರ್ಭಟಕ್ಕೆ ಸಿಕ್ಕಿ ಮುಳುಗಿರಬಹುದು. ಸತ್ತವರ ಮನೆಯವರು ಒಪ್ಪಲಿಲ್ಲ, ಹಟ ಹಿಡಿದರು. ಸಾರಿಗೆ ಕಾರ್ಮಿಕರ ಅಂತರರಾಷ್ಟ್ರೀಯ ಒಕ್ಕೂಟ ದುಡ್ಡು ಹಾಕಿ ಹುಡುಕಿಸಿದ ಮೇಲೆ, 1994ರಲ್ಲಿ, ನಾಲ್ಕು ಕಿಲೋಮೀಟರಿಗೂ ಜಾಸ್ತಿ ಆಳದಲ್ಲಿ ಹಡಗಿನ ಚೂರುಗಳು ಸಿಕ್ಕವು. ಆಮೇಲೆ ತಜ್ಞರ ವರದಿ ಏನು ಹೇಳಿತು ಗೊತ್ತಾ? ಹಡಗಿನ ಮೂತಿಯಲ್ಲಿದ್ದ ಸ್ಟೋರಿನ ಮುಚ್ಚಳವನ್ನು ಸಿಬ್ಬಂದಿ ಸರಿಯಾಗಿ ಬಿಗಿದಿರಲಿಲ್ಲವಂತೆ! ಸತ್ತವರು ಎದ್ದು ಬಂದು ಉತ್ತರ ಕೊಡ್ತಾರಾ? ಅಂಥ ಮುಚ್ಚಳ ಬಿಗಿಯುವ ಕೆಲಸ ನಾನೂ ಮಾಡಿದ್ದೇನೆ. ಗಾಳಿಯ ಸುದ್ದಿ ಬಂದರೆ ಒಂದಕ್ಕೆರಡು ಸಲ ಹೋಗಿ ತಿರುಗಿಸಿ ನೋಡುತ್ತಿದ್ದೆವು. ಜೀವ ನಮ್ಮದು, ಅಲ್ವಾ.

ಕೊನೆಗೆ 2000ದಲ್ಲಿ ಮರುವಿಚಾರಣೆ ಆ ಆರೋಪ ತೆಗೆದುಹಾಕಿತು. ಆಗಿದ್ದು ಇಷ್ಟು. ಮೂತಿ ಹತ್ತಿ ಬಂದ ನೀರು ಡೆಕ್ಕಿನ ಸಣ್ಣ ಸಣ್ಣ ಗಾಳಿಕೊಳವೆಗಳನ್ನು ಮುರಿದಿತ್ತು. ಆ ತೂತುಗಳಿಂದ ಗಂಟೆಗಟ್ಟಲೆ ನೀರು ಮೂತಿಯೊಳಕ್ಕೆ ಇಳಿದು ಮೂತಿ ತಗ್ಗಿತು, ತಗ್ಗಿದಷ್ಟೂ ಡೆಕ್ಕಿನ ಮೇಲೆ ಏರುವ ನೀರು ಜಾಸ್ತಿಯಾಯಿತು, ಕಡೆಗೊಮ್ಮೆ ಒಂದನೇ ಹ್ಯಾಚಿನ, ಅಂದರೆ ಸರಕು ಇಳಿಸುವ ಡೆಕ್ಕಿನ ದೊಡ್ಡ ಬಾಯಿಯ, ಮುಚ್ಚಳವೇ ಒಳಕ್ಕೆ ಕುಸಿಯಿತು. ಅದಿರಿಗೆ ತೂಕ ಜಾಸ್ತಿ, ಹಿಡಿಯುವ ಜಾಗ ಕಮ್ಮಿ. ಹೋಲ್ಡ್, ಅದೇ ಸರಕು ತುಂಬುವ ಕೋಣೆ, ಅರ್ಧಕ್ಕಿಂತ ಜಾಸ್ತಿ ಖಾಲಿಯೇ ಕಾಣುತ್ತದೆ, ನೀರಿಗೆ ಬೇಕಾದಷ್ಟು ಜಾಗ.

ಇನ್ನು ಆ ಹ್ಯಾಚಿನ ಮುಚ್ಚಳದ ಲೆಕ್ಕ ನೋಡಿ. 1966ರ ಅಂತರರಾಷ್ಟ್ರೀಯ ನಿಯಮ ಲೆಕ್ಕ ಹಾಕಿದ್ದು ಚದರ ಮೀಟರಿಗೆ 1.75 ಟನ್ ಭಾರ. ಅಂದರೆ ಹೆಚ್ಚೂಕಮ್ಮಿ ಒಂದಾಳೆತ್ತರದ ನೀರು, ಅದೂ ಸುಮ್ನೆ ನಿಂತ ನೀರು. ಚಂಡಮಾರುತದಲ್ಲಿ ನೀರು ನಿಂತಿರುತ್ತದಾ? ಓಡಿ ಬಂದು ಗುದ್ದುತ್ತದೆ. ವೇಗ ಎರಡು ಪಟ್ಟಾದರೆ ಪೆಟ್ಟು ನಾಲ್ಕು ಪಟ್ಟು. ಮೂತಿಯ ಮೇಲೆ ಅಲೆಗೆ ಅಡ್ಡ ನಿಲ್ಲುವ ಫೋಕ್ಸಲ್, ಅದೇ ಎತ್ತರಿಸಿದ ಡೆಕ್, ಅದೂ ಈ ಹಡಗಿಗೆ ಇರಲಿಲ್ಲ. ಅದಿರು, ಕಲ್ಲಿದ್ದಲಿನಂಥ ಸರಕನ್ನು ಹಾಗೇ ಸುರಿದು ಸಾಗಿಸುವ ಹೊಸ ಬಲ್ಕ್ ಹಡಗುಗಳಿಗೆ ಅದನ್ನು ಕಡ್ಡಾಯ ಮಾಡಿದ್ದು ಇದೆಲ್ಲ ಆದ ಮೇಲೆ.

1994ರಲ್ಲಿ ಬಾಲ್ಟಿಕ್ ಸಮುದ್ರದಲ್ಲಿ 852 ಜನರನ್ನು ಕೊಂಡೊಯ್ದ ಎಸ್ಟೋನಿಯಾ ಹಡಗಿನ ಕಥೆಯೂ ಹೀಗೇ. ಅಲ್ಲಿ ಅಲೆಗಳು ಬೆಟ್ಟದಷ್ಟೇನೂ ಇರಲಿಲ್ಲ, ನಾಲ್ಕು ಮೀಟರ್ ಆಸುಪಾಸು. ಕೈಕೊಟ್ಟಿದ್ದು ಮೂತಿಯ ಬಾಗಿಲಿನ ಚಿಲಕಗಳು.

ಅದಕ್ಕೇ ಕೇಳುತ್ತಿದ್ದೇನೆ. ಮುಂದಿನ ಸಲ ಇಂಥ ಸುದ್ದಿ ಬಂದಾಗ ಅಲೆ ಎಷ್ಟು ಎತ್ತರ ಇತ್ತು ಅಂತ ಬರೆಯಿರಿ, ಬೇಡ ಅನ್ನುವುದಿಲ್ಲ. ಆದರೆ ಮೊದಲು ಮುರಿದದ್ದು ಯಾವ ಭಾಗ, ಅದನ್ನು ಎಷ್ಟು ಭಾರ ತಡೆಯಲಿ ಅಂತ ಮಾಡಿದ್ದರು, ಇಷ್ಟನ್ನು ವಿಚಾರಿಸಿ ಇನ್ನೆರಡು ಸಾಲು ಸೇರಿಸಿ.

– ಒಬ್ಬ ನಿವೃತ್ತ ಹಡಗು ಕೆಲಸಗಾರ, ಸುರತ್ಕಲ್