ಲ್ಯಾಬಮ್ಮನಿಗೆ ಬೀಳ್ಕೊಡುಗೆ

ಲೆಸ್ಟರ್,
ಜುಲೈ 12, 2025

ತೀರ್ಥರೂಪು ಅಪ್ಪನವರಿಗೆ ಹಾಗೂ ಮಾತೃಶ್ರೀ ಅಮ್ಮನವರಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು.

ನಾವು ಇಲ್ಲಿ ಕ್ಷೇಮವಾಗಿದ್ದೇವೆ. ನಿನ್ನೆ ಮಧ್ಯಾಹ್ನ ನಮ್ಮ ಶಾಲೆಯ ವರ್ಷ ಮುಗಿಯಿತು. ಅಪ್ಪ, ಶಾಲೆಯ ಸುದ್ದಿಯನ್ನು ಫೋನಿನಲ್ಲಿ ತುಂಡುತುಂಡಾಗಿ ಹೇಳದೆ ಕುಳಿತು ಬರೆಯಬೇಕೆಂದು ನೀವು ಹೇಳಿದ್ದಿರಿ. ಈ ಸಲ ಬರೆಯಲೇಬೇಕಾದ ಸುದ್ದಿಯೂ ಇದೆ: ನಮ್ಮ ಶಾಲೆಯ ಪ್ರಯೋಗಾಲಯ ನೋಡಿಕೊಳ್ಳುತ್ತಿದ್ದ ಲ್ಯಾಬಮ್ಮ ನಿವೃತ್ತರಾದರು. ನೀವು ಇಲ್ಲಿಗೆ ಬಂದಿದ್ದಾಗ ನಿಮ್ಮಿಬ್ಬರನ್ನೂ ಪ್ರಯೋಗಾಲಯದ ಹಿಂದಿನ ಕೋಣೆಗೆ ಕರೆದುಕೊಂಡು ಹೋಗಿ ಒಂದೊಂದೇ ಕಪಾಟು ತೆರೆದು ತೋರಿಸಿದರಲ್ಲ, ಅವರೇ. ಅಮ್ಮ ಅವರಿಗೆ ಇಟ್ಟ ಹೆಸರು ನಮ್ಮ ಮನೆಯಲ್ಲಿ ಹಾಗೆಯೇ ಉಳಿದಿದೆ.

ಮೊದಲು ಉಳಿದ ಸುದ್ದಿ ಹೇಳಿಬಿಡುತ್ತೇನೆ. ಇಂಗ್ಲೆಂಡಿನ ಬಹುಪಾಲು ಶಾಲೆಗಳಿಗೆ ರಜೆ ಬರುವುದು ಜುಲೈ ತಿಂಗಳ ಮೂರನೆಯ ನಾಲ್ಕನೆಯ ವಾರದಲ್ಲಿ. ಲೆಸ್ಟರ್‌ನಲ್ಲಿ ಮಾತ್ರ ಅದಕ್ಕೂ ಮೊದಲೇ ಬಾಗಿಲು ಹಾಕುತ್ತಾರೆ. ಹಿಂದೆ ಇದು ಕಾಲುಚೀಲ, ಹೆಣಿಗೆ ಬಟ್ಟೆ ಮತ್ತು ಬೂಟುಗಳ ಕಾರ್ಖಾನೆಗಳ ಊರು. ಜುಲೈಯಲ್ಲಿ ಕಾರ್ಖಾನೆಗಳೆಲ್ಲ ಒಟ್ಟಿಗೆ ಎರಡು ವಾರ ಮುಚ್ಚುತ್ತಿದ್ದವು. ತಂದೆ ತಾಯಿಗೆ ರಜೆ ಇರುವಾಗಲೇ ಮಕ್ಕಳಿಗೂ ಇರಲಿ ಎಂದು ಶಾಲೆಗಳು ಹೊಂದಿಸಿಕೊಂಡವು. ಕಾರ್ಖಾನೆಗಳು ಬಹುಮಟ್ಟಿಗೆ ಹೋದವು, ರಜೆಯ ಲೆಕ್ಕ ಹಾಗೆಯೇ ನಿಂತಿದೆ. ಬೇಗ ಮುಚ್ಚಿದ ಮೇಲೆ ಬೇಗ ತೆರೆಯಲೂಬೇಕು. ಆಗಸ್ಟ್ ಕೊನೆಗೆ ನಾವು ಮತ್ತೆ ತರಗತಿಯಲ್ಲಿರುತ್ತೇವೆ.

ಹನ್ನೊಂದನೆಯ ತರಗತಿಯವರ ಜಿಸಿಎಸ್‌ಇ ಪರೀಕ್ಷೆ, ಅಂದರೆ ನಮ್ಮ ಎಸ್ಸೆಸ್ಸೆಲ್ಸಿಯಂಥದು, ಜೂನ್ ತಿಂಗಳಲ್ಲೇ ಮುಗಿಯಿತು. ಇಂಗ್ಲೆಂಡಿನಲ್ಲಿ ಹವಾಮಾನದ ದಾಖಲೆ ಇಡಲು ತೊಡಗಿದಾಗಿನಿಂದ ಇಷ್ಟು ಬೆಚ್ಚಗಿನ ಜೂನ್ ಬಂದಿರಲಿಲ್ಲವಂತೆ. ಇಲ್ಲಿನ ಶಾಲೆಗಳನ್ನು ಚಳಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಕಟ್ಟಿದ್ದಾರೆ, ಛಾವಣಿಯಲ್ಲಿ ಫ್ಯಾನ್ ಇರುವುದಿಲ್ಲ. ಆಟದ ಸಭಾಂಗಣದಲ್ಲಿ ಒಂಟಿ ಮೇಜುಗಳನ್ನು ಸಾಲಾಗಿ ಹಾಕಿ, ಬಾಗಿಲುಗಳನ್ನೆಲ್ಲ ತೆರೆದಿಟ್ಟು, ಟೈ ಬಿಚ್ಚಲು ಅನುಮತಿ ಕೊಟ್ಟು ಬರೆಸಿದೆವು. ಭೌತ, ರಸಾಯನ, ಜೀವಶಾಸ್ತ್ರ ಮೂರೂ ಸೇರಿದ ಸಂಯುಕ್ತ ವಿಜ್ಞಾನ ಒಂದಕ್ಕೇ ಆರು ಪತ್ರಿಕೆ. ಹದಿನಾರು ವರ್ಷದ ಮಕ್ಕಳು ಬೆವರು ಒರೆಸಿಕೊಳ್ಳುತ್ತ ವಿದ್ಯುತ್ ಮಂಡಲ ಬಿಡಿಸುವುದನ್ನು ನೋಡಿ ನನ್ನ ಹೊಟ್ಟೆ ಚುರುಕ್ ಎಂದಿತು. ಕೊನೆಯ ಪತ್ರಿಕೆ ಮುಗಿಸಿ ಹೊರಬಂದವರು ಒಬ್ಬರ ಬಿಳಿ ಅಂಗಿಯ ಮೇಲೆ ಇನ್ನೊಬ್ಬರು ಹೆಸರು ಬರೆದು, ನನ್ನಿಂದಲೂ ಬರೆಸಿಕೊಂಡು ಹೋದರು. ನನ್ನ ತರಗತಿಯ ಒಬ್ಬ ಹುಡುಗ ತೋಳಿನ ಮೇಲೆ ಓಮನ ನಿಯಮ ಬರೆದು ಕೊಡಿ ಎಂದು ಕೇಳಿದ. ಬರೆದುಕೊಟ್ಟೆ.

ಇನ್ನು ಬೀಳ್ಕೊಡುಗೆಗಳು. ಇಲ್ಲಿ ಶಿಕ್ಷಕರು ಮನಸ್ಸು ಬಂದಾಗ ಕೆಲಸ ಬಿಡುವಂತಿಲ್ಲ. ಆಗಸ್ಟ್ 31ಕ್ಕೆ ಹೊರಡಬೇಕೆಂದರೆ ಮೇ 31ರೊಳಗೆ ರಾಜೀನಾಮೆ ಕೊಟ್ಟಿರಬೇಕು. ಹಾಗಾಗಿ ಜೂನ್ ಹೊತ್ತಿಗೆ ಯಾರು ಹೋಗುತ್ತಾರೆ, ಯಾರು ಉಳಿಯುತ್ತಾರೆ ಎಂಬುದು ಎಲ್ಲರಿಗೂ ಗೊತ್ತಿರುತ್ತದೆ. ಆರು ವಾರ ಅದೇ ಮಾತು. ಸಹಿ ಹಾಕಲು ಕಾರ್ಡು, ಉಡುಗೊರೆಗೆ ಹಣ ಹಾಕಲು ಕಂದು ಲಕೋಟೆ, ಎರಡೂ ಕೊಠಡಿಯಿಂದ ಕೊಠಡಿಗೆ ತಿರುಗುತ್ತವೆ. ಈ ವರ್ಷ ಲಕೋಟೆಗಳು ಹೆಚ್ಚು. ಗಣಿತದ ಹಿರಿಯ ಮೇಷ್ಟ್ರು ನಿವೃತ್ತರಾದರು. ಇತಿಹಾಸದ ಯುವಕ ದುಬೈನ ಅಂತರರಾಷ್ಟ್ರೀಯ ಶಾಲೆಯೊಂದಕ್ಕೆ ಹೊರಟಿದ್ದಾನೆ. ಅಲ್ಲಿ ಸಂಬಳಕ್ಕೆ ತೆರಿಗೆ ಇಲ್ಲ, ಮನೆಯನ್ನೂ ಅವರೇ ಕೊಡುತ್ತಾರಂತೆ. ಇಂಗ್ಲಿಷ್ ಕಲಿಸುತ್ತಿದ್ದ ಹುಡುಗಿ ಶಿಕ್ಷಕ ವೃತ್ತಿಯನ್ನೇ ಬಿಡುತ್ತಿದ್ದಾಳೆ. ಎರಡು ವರ್ಷದ ಹೊಸಬರ ತರಬೇತಿ ಅವಧಿ ಮುಗಿದು ಇನ್ನೂ ಹೆಚ್ಚು ದಿನವಾಗಿಲ್ಲ. ರಾತ್ರಿ ಹನ್ನೊಂದರವರೆಗೆ ಉತ್ತರಪತ್ರಿಕೆ ತಿದ್ದಿ ಬೆಳಗ್ಗೆ ಏಳಕ್ಕೆ ಶಾಲೆಯಲ್ಲಿರುತ್ತಿದ್ದವಳು ಅವಳು. ಮಕ್ಕಳು ಅವಳನ್ನು ಬಹಳ ಹಚ್ಚಿಕೊಂಡಿದ್ದರು. ಹೋಗಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ, ಅವಳ ಮುಖದ ದಣಿವನ್ನು ನಾನೇ ನೋಡಿದ್ದೆ.

ಈಗ ಲ್ಯಾಬಮ್ಮನ ವಿಷಯ. ಅಪ್ಪ, ನಿಮ್ಮ ಪ್ರೌಢಶಾಲೆಯಲ್ಲಿ ವಿಜ್ಞಾನದ ಕಪಾಟಿನ ಬೀಗದ ಕೈ ನಿಮ್ಮ ಜೇಬಿನಲ್ಲೇ ಇರುತ್ತಿತ್ತು. ಪಾಠ ನಿಮ್ಮದೇ, ಸಾಮಾನು ಜೋಡಿಸುವುದು ನಿಮ್ಮದೇ, ಸಂಜೆ ಪ್ರನಾಳ ತೊಳೆಯುವುದೂ ನಿಮ್ಮದೇ. ಇಲ್ಲಿ ಆ ಕೆಲಸಕ್ಕೆ ಪ್ರತ್ಯೇಕ ಸಿಬ್ಬಂದಿ ಇದ್ದಾರೆ. ಮುಂದಿನ ವಾರ ಯಾವ ತರಗತಿಗೆ ಯಾವ ಪ್ರಯೋಗ ಎಂದು ಹಿಂದಿನ ವಾರವೇ ಚೀಟಿ ಬರೆದು ಕೊಡಬೇಕು. ಗಂಟೆ ಹೊಡೆಯುವ ಮೊದಲು ಬಾಗಿಲ ಬಳಿ ತಳ್ಳುಗಾಡಿ ಬಂದಿರುತ್ತದೆ. ಅದರ ಮೇಲೆ ಎಣಿಸಿಟ್ಟ ಮಸೂರಗಳು, ಸಾಂದ್ರತೆ ಬರೆದು ಅಂಟಿಸಿದ ಸೀಸೆಗಳು, ಪರೀಕ್ಷಿಸಿ ಇಟ್ಟ ಬ್ಯಾಟರಿಗಳು. ಮೂವತ್ತು ಮಕ್ಕಳಿಗೆ ಬೇಕಾದದ್ದು ಮೂವತ್ತಕ್ಕೂ ಇರುತ್ತದೆ, ಒಂದೂ ಕೆಟ್ಟಿರುವುದಿಲ್ಲ. ಯಾವ ರಾಸಾಯನಿಕವನ್ನು ಎಷ್ಟು ತೆಳುವಾಗಿಸಬೇಕು, ಚೆಲ್ಲಿದರೆ ಏನು ಮಾಡಬೇಕು ಎಂದು ಕ್ಲೀಪ್ಸ್ ಎಂಬ ಸಂಸ್ಥೆ ಶಾಲೆಗಳಿಗೆ ಅಪಾಯ ಸೂಚನೆಯ ಕಾರ್ಡುಗಳನ್ನು ಕೊಡುತ್ತದೆ. ಲ್ಯಾಬಮ್ಮನಿಗೆ ಅವುಗಳಲ್ಲಿ ಬಹುಪಾಲು ಬಾಯಿಪಾಠ, ಆದರೂ ಪ್ರತಿ ಸಲವೂ ಕಾರ್ಡು ತೆಗೆದು ಓದಿಯೇ ಸೀಸೆ ಮುಟ್ಟುತ್ತಿದ್ದರು. ವಿಕಿರಣ ಮೂಲಗಳನ್ನು ಬೀಗ ಹಾಕಿದ ಕಬ್ಬಿಣದ ಪೆಟ್ಟಿಗೆಯಲ್ಲಿ ಇಡುತ್ತೇವೆ. ಹೊರತೆಗೆದ ಹೊತ್ತು, ಮರಳಿ ಇಟ್ಟ ಹೊತ್ತು ಎರಡನ್ನೂ ಪುಸ್ತಕದಲ್ಲಿ ಬರೆಯದೆ ಅವರು ಯಾವ ಶಿಕ್ಷಕರನ್ನೂ ಕೋಣೆಯಿಂದ ಹೊರಗೆ ಬಿಡುತ್ತಿರಲಿಲ್ಲ, ವಿಭಾಗದ ಮುಖ್ಯಸ್ಥರನ್ನು ಕೂಡ.

2016ರಲ್ಲಿ ಹೊಸ ಪಠ್ಯಕ್ರಮ ಬಂದಾಗಿನಿಂದ ಅವರ ಕೆಲಸ ಇನ್ನೂ ಹೆಚ್ಚಿದೆ. ಸಂಯುಕ್ತ ವಿಜ್ಞಾನ ಓದುವ ಮಕ್ಕಳು ಕನಿಷ್ಠ ಹದಿನಾರು ಪ್ರಯೋಗಗಳನ್ನು ತಾವೇ ಮಾಡಿರಬೇಕು. ಅದಕ್ಕೆ ನಮ್ಮಲ್ಲಿ ಇದ್ದಂತೆ ಪ್ರಾಯೋಗಿಕ ಪರೀಕ್ಷೆ ಇಲ್ಲ; ಲಿಖಿತ ಪತ್ರಿಕೆಯಲ್ಲೇ ಕನಿಷ್ಠ ಶೇ 15 ಅಂಕಗಳು ಪ್ರಯೋಗಗಳ ಮೇಲಿನ ಪ್ರಶ್ನೆಗಳಿಗೆ. ಸ್ಪ್ರಿಂಗಿಗೆ ತೂಕ ತೂಗುಹಾಕಿ ಕೈಯಾರೆ ಅಳೆದ ಮಗು ಆ ಪ್ರಶ್ನೆಗೆ ಬರೆಯುವ ಉತ್ತರವೇ ಬೇರೆ, ಪುಸ್ತಕದ ಚಿತ್ರ ನೋಡಿದ ಮಗುವಿನ ಉತ್ತರವೇ ಬೇರೆ. ಇದನ್ನು ನೀವು ನನಗೆ ಚಿಕ್ಕಂದಿನಲ್ಲೇ ಹೇಳಿದ್ದೀರಿ. ಉತ್ತರಪತ್ರಿಕೆಗಳನ್ನು ತಿದ್ದುವಾಗ ನನಗೆ ಪ್ರತಿ ಸಲವೂ ಅದು ಕಣ್ಣಿಗೆ ಕಾಣುತ್ತದೆ. ನಮ್ಮ ಮಕ್ಕಳ ಅಂಕಪಟ್ಟಿಯಲ್ಲಿ ಲ್ಯಾಬಮ್ಮನ ಪಾಲು ಇದೆ ಎಂದು ನಾನು ಹೇಳುವುದು ಅಭಿಮಾನದ ಮಾತಲ್ಲ, ಲೆಕ್ಕದ ಮಾತು.

2020ರ ಮಾರ್ಚ್‌ನಲ್ಲಿ ಆಸ್ಪತ್ರೆಗಳಲ್ಲಿ ಕಣ್ಣಿನ ರಕ್ಷಣೆಯ ಸಾಮಗ್ರಿ ಸಾಲದೆ ಬಂದಾಗ ದೇಶದ ಅನೇಕ ಶಾಲೆಗಳು ಪ್ರಯೋಗಾಲಯದ ಸುರಕ್ಷಾ ಕನ್ನಡಕಗಳನ್ನು ಕೊಟ್ಟವು. ನಮ್ಮ ಶಾಲೆಯ ಕನ್ನಡಕಗಳನ್ನೆಲ್ಲ ತೊಳೆದು, ಒರೆಸಿ, ಪೆಟ್ಟಿಗೆಗೆ ತುಂಬಿ ತಮ್ಮ ಕಾರಿನಲ್ಲೇ ಕೊಂಡೊಯ್ದವರು ಲ್ಯಾಬಮ್ಮ. ಆ ವರ್ಷವೂ ಅದರ ಮುಂದಿನ ವರ್ಷವೂ ಪರೀಕ್ಷೆಗಳೇ ರದ್ದಾದವು, ಮಕ್ಕಳು ಮನೆಯಲ್ಲಿದ್ದರು. ಆಗ ಅವರು ಖಾಲಿ ಪ್ರಯೋಗಾಲಯದಲ್ಲಿ ಒಬ್ಬರೇ ನಿಂತು ಪ್ರಯೋಗ ಮಾಡುತ್ತ ಮೊಬೈಲ್‌ನಲ್ಲಿ ಚಿತ್ರೀಕರಿಸಿ ನಮಗೆ ಕಳುಹಿಸುತ್ತಿದ್ದರು. ಹಾಗೆ ಮಾಡಿ ಎಂದು ಯಾರೂ ಹೇಳಿರಲಿಲ್ಲ.

ಇಷ್ಟೆಲ್ಲ ಮಾಡಿದವರಿಗೆ ಶಾಲೆ ನಡೆಯುವ ವಾರಗಳಿಗೆ ಮಾತ್ರ ಸಂಬಳ. ಅದನ್ನೇ ಹನ್ನೆರಡು ತಿಂಗಳಿಗೆ ಹಂಚಿ ಕೊಡುತ್ತಾರೆ. ಭೌತಶಾಸ್ತ್ರಕ್ಕೆ ಶಿಕ್ಷಕರು ಸಿಗುವುದಿಲ್ಲವೆಂದು ಸರ್ಕಾರ ತರಬೇತಿಗೆ ಸೇರುವವರಿಗೆ ಮುಂದಿನ ವರ್ಷ 29,000 ಪೌಂಡ್ ಸಹಾಯಧನ ಕೊಡುತ್ತದೆ. ಕೊಡಲಿ, ನನಗೂ ಸಹೋದ್ಯೋಗಿಗಳು ಬೇಕು. ಆದರೆ ಅದು ಲ್ಯಾಬಮ್ಮನ ಇಡೀ ವರ್ಷದ ಸಂಬಳಕ್ಕಿಂತ ಹೆಚ್ಚು. ಇಲ್ಲಿ ಅವರ ವಯಸ್ಸಿನವರಿಗೆ ಸರ್ಕಾರಿ ಪಿಂಚಣಿ ಕೈಗೆ ಬರುವುದು 66ನೆಯ ವಯಸ್ಸಿಗೆ. ನೀವು 60ಕ್ಕೆ ನಿವೃತ್ತರಾದಿರಿ. ಅವರು ಮಂಡಿನೋವನ್ನು ಇಟ್ಟುಕೊಂಡೇ ಇನ್ನೂ ಆರು ವರ್ಷ ಆ ತಳ್ಳುಗಾಡಿ ತಳ್ಳಿದರು.

ನಿನ್ನೆ ಮಕ್ಕಳೆಲ್ಲ ಮನೆಗೆ ಹೋದ ಮೇಲೆ ಸಿಬ್ಬಂದಿ ಕೊಠಡಿಯಲ್ಲಿ ಸಮಾರಂಭ. ನಮ್ಮ ಶಾಲೆಯ ರೂಢಿ ಹೇಗೆಂದರೆ, ಹೊರಡುವ ಶಿಕ್ಷಕರ ಬಗ್ಗೆ ಆಯಾ ವಿಭಾಗದ ಮುಖ್ಯಸ್ಥರು ಒಬ್ಬೊಬ್ಬರಾಗಿ ಮಾತನಾಡುತ್ತಾರೆ. ಕಚೇರಿ, ಪ್ರಯೋಗಾಲಯ, ಅಡುಗೆಮನೆಯ ಸಿಬ್ಬಂದಿಯ ಹೆಸರುಗಳನ್ನು ಕೊನೆಯಲ್ಲಿ ಒಟ್ಟಿಗೆ ಓದಿ ಹೂಗುಚ್ಛ ಕೊಡುತ್ತಾರೆ. ಇದು ನನಗೆ ಮೊದಲಿನಿಂದಲೂ ಒಪ್ಪಿಗೆಯಾಗಿಲ್ಲ. ಎರಡು ವಾರ ಮೊದಲೇ ಮುಖ್ಯೋಪಾಧ್ಯಾಯಿನಿಯವರ ಬಳಿ ಹೋಗಿ, ಲ್ಯಾಬಮ್ಮನ ಬಗ್ಗೆ ನಾನು ಮಾತನಾಡಬೇಕು, ಐದು ನಿಮಿಷ ಕೊಡಿ ಎಂದು ಕೇಳಿದೆ. ಅವರು ಒಳ್ಳೆಯವರು, ಕೂಡಲೇ ಒಪ್ಪಿದರು. ಅಷ್ಟೇ ಅಲ್ಲ, ಕಟ್ಟಡ ನೋಡಿಕೊಳ್ಳುತ್ತಿದ್ದ ಹಿರಿಯರು ಕೂಡ ಈ ವರ್ಷ ಹೊರಡುತ್ತಿದ್ದಾರೆ, ಅವರ ಬಗ್ಗೆ ತಾವೇ ಮಾತನಾಡುವುದಾಗಿ ಹೇಳಿದರು.

ಹೊಗಳಿಕೆಯ ಮಾತು ಯಾರಿಗೆ ಬೇಕಾದರೂ ಹೊಂದುತ್ತದೆ. ಅದಕ್ಕೆ ನಾನು ಹಳೆಯ ಚೀಟಿಗಳ ಕಡತದಿಂದ ಒಂದು ಮಂಗಳವಾರವನ್ನು ಆರಿಸಿಕೊಂಡು ಓದಿದೆ. ವಿಶೇಷವೇನೂ ಇಲ್ಲದ ಮಂಗಳವಾರ. ಮೊದಲ ಪೀರಿಯಡ್: ಏಳನೆಯ ತರಗತಿ, ಬನ್ಸೆನ್ ಬರ್ನರ್, ಉರಿಯಲು ಮೆಗ್ನೀಸಿಯಂ ಪಟ್ಟಿ. ಅದೇ ಹೊತ್ತಿಗೆ ಪಕ್ಕದ ಕೊಠಡಿಯಲ್ಲಿ ಹತ್ತನೆಯ ತರಗತಿಗೆ ಸ್ಪ್ರಿಂಗು, ತೂಕ, ಅಳತೆಕೋಲು. ಎರಡನೆಯದು: ಹಂದಿಯ ಹೃದಯ, ಬ್ಲೇಡು, ಕೈಗವಸು, ಮಾಂಸ ಮುಟ್ಟದ ಮಕ್ಕಳಿಗೆ ಪ್ಲಾಸ್ಟಿಕ್ ಮಾದರಿ. ಮೂರನೆಯದು: ಆಲೂಗಡ್ಡೆಯ ತುಂಡುಗಳು, ಐದು ಬಗೆಯ ಸಕ್ಕರೆ ದ್ರಾವಣ. ಹೀಗೆ ಸಂಜೆಯವರೆಗೆ. ಪ್ರತಿಯೊಂದರ ಮುಂದೆಯೂ ಅವರ ಗುಂಡು ಅಕ್ಷರದಲ್ಲಿ "ತಯಾರಿದೆ", "ಮರಳಿ ಬಂದಿದೆ", "ಒಂದು ಬೀಕರ್ ಒಡೆದಿದೆ". ಇಂಗ್ಲಿಷ್, ಇತಿಹಾಸ ಕಲಿಸುವವರು ಬಾಯಿ ತೆರೆದು ಕೇಳಿದರು. ಗೋಡೆಯ ಆ ಬದಿಯಲ್ಲಿ ಇಷ್ಟು ನಡೆಯುತ್ತದೆ ಎಂದು ಅವರಿಗೆ ತಿಳಿದಿರಲಿಲ್ಲ. ನಾನು ನಾಲ್ಕನೆಯ ಪೀರಿಯಡಿನ ತಾಮ್ರದ ಸಲ್ಫೇಟಿಗೆ ಬಂದಾಗ ಲ್ಯಾಬಮ್ಮ ಕುಳಿತಲ್ಲಿಂದಲೇ, "ಅದನ್ನು ಕೊನೆಯ ಗಳಿಗೆಯಲ್ಲಿ ಬುಧವಾರಕ್ಕೆ ಬದಲಿಸಿದರು" ಎಂದರು. ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಉತ್ತರವಾಗಿ ಅವರು ಆಡಿದ್ದು ಎರಡೇ ಮಾತು. ಮಕ್ಕಳು ಇಲ್ಲದ ದಿನಗಳೆಂದರೆ ತಮಗೆ ಎಂದೂ ಹಿಡಿಸಿರಲಿಲ್ಲ ಎಂಬುದು ಒಂದು. ಬಿರುಕು ಬಿಟ್ಟ ಗಾಜಿನ ಸಾಮಾನನ್ನು ದಯವಿಟ್ಟು ಸಿಂಕಿನಲ್ಲಿ ಬಿಡಬೇಡಿ, ಹೊಸಬರ ಕೈ ಕೊಯ್ದೀತು ಎಂಬುದು ಇನ್ನೊಂದು.

ಆ ಹೊಸಬರು ಯಾರೆಂದು ಇನ್ನೂ ಗೊತ್ತಿಲ್ಲ. ಜಾಹೀರಾತು ಕೊಟ್ಟಾಗಿದೆ, ಬಂದ ಅರ್ಜಿಗಳು ಕಡಿಮೆ. ಸಿಗುವವರೆಗೆ ಇರುವ ಒಬ್ಬ ಕಿರಿಯ ಸಹಾಯಕನೇ ಎಲ್ಲ ಕೊಠಡಿಗಳನ್ನು ನೋಡಿಕೊಳ್ಳಬೇಕು. ಅವನಿಗೆ ಕೆಲಸ ಕಲಿಸಿದವರು ಲ್ಯಾಬಮ್ಮನೇ ಎಂಬ ಧೈರ್ಯ ನನಗಿದೆ. ಆದರೂ ಮುಂದಿನ ವರ್ಷ ಒಂದೇ ಹೊತ್ತಿಗೆ ನಾಲ್ಕು ತಳ್ಳುಗಾಡಿ ಹೊರಡುವುದಿಲ್ಲ, ಕೆಲವು ಪ್ರಯೋಗಗಳನ್ನು ನಾನೇ ಮುಂದೆ ನಿಂತು ಮಾಡಿ ತೋರಿಸಿ ಸುಮ್ಮನಾಗಬೇಕಾದೀತು. ಆ ಚಿಂತೆ ಮನಸ್ಸಿನಲ್ಲಿದೆ.

ಅಪ್ಪ, ನಿಮ್ಮಿಂದ ಒಂದು ಕೆಲಸ ಆಗಬೇಕು. ನೀವು ಅಂದು ಅವರಿಗೆ ಹೇಳಿಕೊಟ್ಟಿರಲ್ಲ, ಮೇಣ ಸವರಿದ ಕಾಗದವನ್ನು ಆಯಸ್ಕಾಂತದ ಮೇಲಿಟ್ಟು ಕಬ್ಬಿಣದ ಪುಡಿ ಉದುರಿಸಿ, ಮೆಲ್ಲಗೆ ಬಿಸಿ ತಾಗಿಸಿದರೆ ಪುಡಿ ಮೇಣದಲ್ಲಿ ಇಳಿದು ಗೆರೆಗಳು ಹಾಗೆಯೇ ನಿಲ್ಲುತ್ತವೆ ಎಂದು? ಅವರು ಅದರ ಒಂದು ಪೂರ್ತಿ ಕಟ್ಟು ಮಾಡಿಟ್ಟಿದ್ದಾರೆ. ಒಂಟಿ ಆಯಸ್ಕಾಂತ, ಎದುರುಬದುರು ಸಜಾತಿ ಧ್ರುವ, ವಿಜಾತಿ ಧ್ರುವ, ಕುದುರೆಲಾಳ, ಎಲ್ಲವೂ ಚೌಕಟ್ಟಿನೊಳಗೆ. ನಿನ್ನೆ ಬೀಗದ ಕೈ ಒಪ್ಪಿಸುವಾಗ ಆ ಕಟ್ಟನ್ನು ನನ್ನ ಕೈಗಿಟ್ಟು, "ನಿಮ್ಮ ತಂದೆ ಇದನ್ನು ಎಲ್ಲಿ ಕಲಿತರು ಎಂದು ಅಂದು ಕೇಳುವುದೇ ಮರೆತೆ" ಎಂದರು. ನನಗೂ ಗೊತ್ತಿಲ್ಲ. ನೀವೇ ಅವರಿಗೆ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆಯಿರಿ, ನಿಮ್ಮ ಕೈಬರಹದಲ್ಲೇ ಇರಲಿ. ಇಸ್ತ್ರಿ ಪೆಟ್ಟಿಗೆಯಿಂದ ಬಿಸಿ ಮಾಡುವಾಗ ಕಾಗದ ಮುದುಡದಂತೆ ನೀವು ಏನು ಮಾಡುತ್ತಿದ್ದಿರಿ ಎಂಬುದನ್ನೂ ಬರೆಯಿರಿ. ಅದನ್ನು ಅವರು ಖಂಡಿತ ಕೇಳುತ್ತಾರೆ. ನನ್ನ ವಿಳಾಸಕ್ಕೇ ಕಳುಹಿಸಿ, ನಾನು ತಲುಪಿಸುತ್ತೇನೆ.

ಆಗಸ್ಟ್ 21, ಗುರುವಾರ ಫಲಿತಾಂಶ. ಆ ದಿನ ಬೆಳಗ್ಗೆ ಶಾಲೆಯಲ್ಲಿರುತ್ತೇನೆ, ಲ್ಯಾಬಮ್ಮನೂ ಬರುತ್ತೇನೆ ಎಂದಿದ್ದಾರೆ. ಸಂಜೆ ಫೋನ್ ಮಾಡುತ್ತೇನೆ. ಅಲ್ಲಿ ಆಗ ತಡರಾತ್ರಿಯಾಗಿರುತ್ತದೆ, ಅಮ್ಮಾ, ನೀನು ಎದ್ದಿರಬೇಡ, ಅಪ್ಪನಿಗೆ ಹೇಳಿರುತ್ತೇನೆ.

ಇಂತಿ ನಿಮ್ಮ ಪ್ರೀತಿಯ ಮಗಳು